ಅಂಚಿನಲ್ಲಿ ನೇಯ್ದ ಬೈಗುಳ

ದೊಡ್ಡಬಳ್ಳಾಪುರ
12 ಜೂನ್ 2025, ಗುರುವಾರ

ಚಿ. ಧನುಶ್ರೀಗೆ ಅಮ್ಮನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆಯೋಣ ಅಂತ ಪೆನ್ನು ಹಿಡಿದೆ, ಆದರೆ ಮೊದಲ ಸಾಲೇ ಸುಳ್ಳಾಗುವುದು ಬೇಡ. ನಿಮ್ಮಪ್ಪನಿಗೆ ಮಂಡಿನೋವು, ನನಗೆ ಹೊಟ್ಟೆಯುರಿ, ಮನೆಯಲ್ಲಿ ಕ್ಷೇಮವಾಗಿರುವುದು ಬೆಕ್ಕು ಒಂದೇ. ನಿಮ್ಮ ದೊಡ್ಡಪ್ಪನ ಮಗಳು ಸಿಂಚನಕ್ಕನ ಮದುವೆಯಾಗಿ ಮೂರು ವಾರ ಕಳೆಯಿತು. ರಜ ಸಿಗಲಿಲ್ಲ ಎಂದು ನೀನು ಬರಲಿಲ್ಲ. ಸಮಾಚಾರವನ್ನೆಲ್ಲ ಬರೆದು ಕಳಿಸುತ್ತೇನೆ ಎಂದು ಹೇಳಿ ನಾನೂ ಇಷ್ಟು ದಿನ ಬರೆಯಲಿಲ್ಲ. ತಪ್ಪಾಯಿತು ಮಗಳೇ. ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ನೆನಪಾಗುತ್ತಿತ್ತು, ಇಲ್ಲದಿದ್ದರೆ ನಾನೇ ನೆನಪು ಮಾಡಿಕೊಳ್ಳುತ್ತಿದ್ದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ನಡುವೆ "ಬಿಡಮ್ಮ" ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ಯಾರೂ ಅಡ್ಡಬಾಯಿ ಹಾಕುವ ಹಾಗಿಲ್ಲ. ನೆಲಮಂಗಲದ ಆ ಗೋಡೌನಿನಲ್ಲಿ ದಿನವೆಲ್ಲ ಪಾರ್ಸೆಲ್ಲಿಗೆ ಸ್ಟಿಕ್ಕರ್ ಅಂಟಿಸಿ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, ಆಮೇಲೆ ಓದು. ಪೂರ್ತಿ ಓದು.

ಫೆಬ್ರವರಿಯಲ್ಲಿ ನಾನು ನಿನಗೆ ಫೋನ್ ಮಾಡಿದ್ದು ನೆನಪಿದೆಯಾ? ಸೀರೆ ಡಿಸೈನಿನ ಆ ಡಿಪ್ಲೊಮಾಗೆ ಈ ವರ್ಷ ಮತ್ತೆ ಅರ್ಜಿ ಕರೆಯುತ್ತಾರಂತೆ, ಇನ್ನೊಂದು ಸಲ ಹಾಕು ಅಂದೆ. ನೀನು ಏನಂದೆ? "ಎರಡು ವರ್ಷದ ಹಿಂದೆ ಬರೆದು ನೋಡಿದ್ನಲ್ಲಮ್ಮ, ಬೇಡ ಅಂದ್ರಲ್ಲ. ನಮಗ್ಯಾಕೆ ಬಿಡು ಅದೆಲ್ಲ." ಎಷ್ಟು ತಣ್ಣಗೆ ಅಂದೆ ಅಂದರೆ, ಮೊಸರು ಬೇಡ ಅನ್ನುವ ಹಾಗೆ ಅಂದೆ. "ನಮಗ್ಯಾಕೆ" ನನ್ನ ಮಾತು ಕಣೇ. ಅದು ಇಪ್ಪತ್ತೆರಡು ವರ್ಷದ ನಿನ್ನ ಬಾಯಿಗೆ ಹೇಗೆ ಹೋಯಿತು? ನನ್ನ ಬಾಯಿಂದ. ನನ್ನ ಬಾಯಿಗೆ ಅದನ್ನು ಇಟ್ಟವರು ಯಾರು? ನಿಮ್ಮ ದೊಡ್ಡಪ್ಪ. ಆವತ್ತೇ ತೀರ್ಮಾನ ಮಾಡಿದೆ, ಈ ದೊಡ್ಡವೆಂಕಟಪ್ಪನಿಗೆ ಬುದ್ಧಿ ಕಲಿಸದೆ ನಾನು ಸಾಯುವುದಿಲ್ಲ ಅಂತ.

ನಿನಗೆ ಅರ್ಧ ಕಥೆ ಗೊತ್ತು. ಈ ಮನೆಗೆ ಬಂದಾಗ ನನಗೆ ಇಪ್ಪತ್ತಮೂರು. ಮುಗಿದ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆ ಹೊಸೆದು ಸೇರಿಸಿ ಅಚ್ಚು ಕೆಚ್ಚುತ್ತಾ, ದಿನವಿಡೀ ಮಗ್ಗದ ಹಿಂದೆ ಕೂರುತ್ತಿದ್ದೆ. ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತಿದ್ದವಲ್ಲ, ಆಗ ಗ್ರಾಫ್ ಹಾಳೆಯ ಮೇಲೆ ಬುಟ್ಟಾ ಬಳ್ಳಿ ಬಿಡಿಸುತ್ತಿದ್ದೆ. ಭಾವ ಒಂದು ದಿನ ಅದನ್ನು ನೋಡಿ "ಕೊಡಮ್ಮ ಇಲ್ಲಿ, ಚಿಕ್ಕಪೇಟೇಲಿ ತೋರಿಸ್ತೀನಿ" ಎಂದು ತೆಗೆದುಕೊಂಡು ಹೋದರು. ಮೂರು ತಿಂಗಳಲ್ಲಿ ನಮ್ಮ ಬೀದಿಯ ಅರ್ಧ ಮಗ್ಗಗಳಲ್ಲಿ ನನ್ನ ಮಾವಿನ ಬುಟ್ಟಾ ಓಡುತ್ತಿತ್ತು. "ಯಾರ ಡಿಸೈನು ಅಂತ ಕೇಳಿದ್ರು ವರಲಕ್ಷ್ಮಿ, ನಮ್ಮ ಮನೇದು ಅಂದೆ. ಹೆಣ್ಮಕ್ಕಳ ಹೆಸರು ಅಂಗಡಿ ಬೀದೀಲಿ ಯಾಕೆ, ಅಲ್ವಾ?" ಅಂದರು. ನಾನು ತಲೆಯಾಡಿಸಿದೆ. ಹಾಗೆ ಇಪ್ಪತ್ತೇಳು ವರ್ಷ ತಲೆಯಾಡಿಸಿದೆ. ನನ್ನ ಗ್ರಾಫ್ ಪುಸ್ತಕಗಳೆಲ್ಲ ಅವರ ಅಂಗಡಿಯ ಬೀರುವಿನಲ್ಲಿ, ನಿಮ್ಮಪ್ಪ ಅವರ ಮಗ್ಗದಲ್ಲಿ ಕೂಲಿಗೆ, ನಾನು ಮಗ್ಗದ ಹಿಂದೆ.

ನೀನು ಆ ಪ್ರವೇಶ ಪರೀಕ್ಷೆ ಬರೆದು ಬಂದ ದಿನವೂ ಅವರು ನಮ್ಮ ಬಾಗಿಲಲ್ಲಿ ನಿಂತು, ನನ್ನದೇ ಕಾಫಿ ಕುಡಿಯುತ್ತಾ ಅಂದಿದ್ದರಲ್ಲ: "ಅದೆಲ್ಲ ನಮ್ಮಂಥೋರಿಗೆ ಆಗೋದಲ್ಲಮ್ಮ. ಇಂಗ್ಲಿಷ್ ಮಾತಾಡೋ ಮಕ್ಕಳ ಮಧ್ಯೆ ಕೂತ್ರೆ ಇವಳು ಅಳ್ತಾ ವಾಪಸ್ ಬರ್ತಾಳೆ, ನೋಡ್ತಿರಿ." ಆಯ್ಕೆಯಾದರೆ ಫೋನ್ ಮಾಡುತ್ತೇವೆ ಎಂದು ಪರೀಕ್ಷೆ ನಡೆಸಿದವರು ಹೇಳಿದ್ದಕ್ಕೆ ನೀನು ಕಾದೆ, ಕಾದೆ, ಮಂಕಾಗಿ ಆಮೇಲೆ ಗೋಡೌನಿಗೆ ಸೇರಿದೆ. ಎರಡು ವರ್ಷ ಬೆಳಗ್ಗೆ ಎದ್ದ ತಕ್ಷಣ ನಾನು ಆ ಮನುಷ್ಯನನ್ನೇ ಶಪಿಸುತ್ತಿದ್ದೆ. ಇಲ್ಲಿಯವರೆಗೂ ಅವರು, ಅವರು ಅಂತಲೇ ಬರೆದಿದ್ದೇನೆ ನೋಡು, ಅಭ್ಯಾಸಬಲ.

ಮಾರ್ಚಿನಲ್ಲಿ ಭಾವ ತಾವಾಗಿಯೇ ನನ್ನ ಕೈಗೆ ಸಿಕ್ಕಿಬಿದ್ದರು. "ಆರತಕ್ಷತೆಗೆ ಸಿಂಚನಾ ನಮ್ಮ ಮಗ್ಗದ್ದೇ ಸೀರೆ ಉಡ್ಬೇಕು ವರಲಕ್ಷ್ಮಿ. ಹೊಸ ಅಂಚು ಹಾಕು. ಬಂದೋರೆಲ್ಲ ಮೂಗಿನ ಮೇಲೆ ಬೆರಳಿಡ್ಬೇಕು."

"ಇಡ್ತಾರೆ ಭಾವ" ಅಂದೆ.

ಹದಿನೈದು ದಿನ ಗ್ರಾಫ್ ಹಾಳೆಯ ಮುಂದೆ ಕೂತೆ. ಕೆಳಗಿನ ದೊಡ್ಡ ಅಂಚಿಗೆ ಒಂದು ಬಳ್ಳಿ, ಬಳ್ಳಿಯೊಳಗೆ ಜರಿಯಲ್ಲಿ ಎರಡೇ ಅಕ್ಷರ: ಕಳ್ಳ. ನಮ್ಮ ಅಕ್ಷರಗಳು ಗುಂಡಗಿರುವುದು ಎಷ್ಟು ಅನುಕೂಲ ಗೊತ್ತಾ? ಕಕಾರದ ತಲೆಕಟ್ಟನ್ನು ಎಲೆ ಮಾಡಿದೆ, ಳ ಸುತ್ತಿಕೊಂಡು ತಾನೇ ಬಳ್ಳಿಯಾಯಿತು, ಕೆಳಗಿನ ಒತ್ತನ್ನು ಮೊಗ್ಗಿನ ಹಾಗೆ ನೇತುಹಾಕಿದೆ. ಅಂಚಿನುದ್ದಕ್ಕೂ ಗೇಣಿಗೊಂದು ಕಳ್ಳ. ದೂರದಿಂದ ನೋಡಿದರೆ ಬಳ್ಳಿ, ಹತ್ತಿರ ಬಂದು ನೋಡಿದರೆ ಬೈಗುಳ. ಮಗಳು ವೇದಿಕೆಯ ಮೇಲೆ ನಿಂತಿರಬೇಕು, ಅಕ್ಷತೆ ಹಾಕಲು ಬಂದು ಬಗ್ಗಿದವರೆಲ್ಲ ಓದಬೇಕು, ಅಪ್ಪ ಪಕ್ಕದಲ್ಲಿ ಕೈಮುಗಿದು ಹಲ್ಲು ಬಿಡುತ್ತಿರಬೇಕು. ಇದನ್ನು ನೆನೆಸಿಕೊಂಡು ಅಡಿಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವ ಡಿಸೈನನ್ನೂ ಬಿಡಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಗ್ರಾಫ್ ನೋಡಿ ಮಗ್ಗದ ಕಾರ್ಡಿಗೆ ತೂತು ಹೊಡೆಯುವ ಸುನಿಲ್‌ಕುಮಾರನಿಗೆ ಚುಕ್ಕಿ ಬಿಟ್ಟು ಬೇರೇನೂ ಕಾಣುವುದಿಲ್ಲ. ನನಗೆ ಹೆದರಿಕೆ ಇದ್ದದ್ದು ನಿಮ್ಮಪ್ಪನದು. ಎಷ್ಟಾದರೂ ಒಡಹುಟ್ಟಿದ ಅಣ್ಣ. ಈ ಸೀರೆಗೆ ಮಗ್ಗದಲ್ಲಿ ಕೂತದ್ದು ನಿಮ್ಮಪ್ಪನೇ. ಮೂರನೆಯ ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಅಂದರು: "ಜರಿ ಇನ್ನೊಂದೆಳೆ ಸೇರಿಸ್ತೀನಿ ಕಣೇ. ಅಕ್ಷರ ಸರಿಯಾಗಿ ಏಳ್ತಿಲ್ಲ."

ನನಗೆ ಅಳು ಬಂದುಬಿಟ್ಟಿತು. ಇಷ್ಟು ವರ್ಷ ಈ ಮನುಷ್ಯ ಮೂಕ ಅಂದುಕೊಂಡಿದ್ದೆ.

ಆದರೆ ದಡ್ಡತನದಲ್ಲಿ ನಾವಿಬ್ಬರೂ ಗಂಡಹೆಂಡಿರೇ. ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನಮಗೆ ಕಾಣುವುದು ಬೆನ್ನು. ಮೇಲಿನಿಂದ ನೋಡಿದರೆ ಕಳ್ಳ ಎಂದು ಸರಿಯಾಗಿಯೇ ಓದಿಸುತ್ತಿತ್ತು. ನಿಮ್ಮಪ್ಪ ಕೆಳಗೆ ಕನ್ನಡಿ ಹಿಡಿದು ಮುಖ ನೋಡುತ್ತಾರಲ್ಲ, ಕನ್ನಡಿಯಲ್ಲೂ ಸರಿಯಾಗಿಯೇ ಕಂಡಿತು. ಸೀರೆ ಕೊಯ್ದು ಚಾಪೆಯ ಮೇಲೆ ತಿರುಗಿಸಿ ಹಾಸಿದಾಗ ನನಗೆ ನನ್ನ ಅಕ್ಷರವೇ ಓದಲಾಗಲಿಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಹೂವು ಬಲಕ್ಕೆ ಬಾಗಿದರೇನು, ಎಡಕ್ಕೆ ಬಾಗಿದರೇನು, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅಕ್ಷರ ಬಿಡಿಸುವಾಗ ತಿರುಗಿಸಿ ಬಿಡಿಸಬೇಕು ಅನ್ನುವುದು ಹೊಳೆಯಲೇ ಇಲ್ಲ, ಯಾಕೆಂದರೆ ನಾನು ಯಾವತ್ತೂ ಒಂದು ಅಕ್ಷರವನ್ನು ಬಿಡಿಸಿದವಳಲ್ಲ. ನಿಮ್ಮಪ್ಪ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ. ನೋಡಿದೆಯಾ, ಒಂದು ಬೈಗುಳವನ್ನೂ ನೆಟ್ಟಗೆ ನೇಯಲಾಗದ ಮುಂಡೇದು ನಾನು, ಸೇಡು ಗೀಡು ನಮಗ್ಯಾಕೆ ಅಂದುಕೊಂಡೆ. ಸೀರೆ ಮಡಿಸಿ ಭಾವನ ಮನೆಗೆ ಕಳಿಸಿಬಿಟ್ಟೆ.

ಈಗ ಮದುವೆಗೆ ಬರುತ್ತೇನೆ. ಆರತಕ್ಷತೆಯ ಸಂಜೆ ಛತ್ರದಲ್ಲಿ ನಾನು ಎಲೆಅಡಿಕೆಯ ತಟ್ಟೆ ಜೋಡಿಸುತ್ತಿದ್ದೆ. ಹುಡುಗಿಯ ಕೋಣೆಗೆ ಚಿಕ್ಕಮ್ಮ ಒಬ್ಬರೇ ಬರಬೇಕಂತೆ ಎಂದು ಹೇಳಿಕಳಿಸಿದರು. ಹೋದರೆ, ಅಲಂಕಾರ ಮಾಡುವವರನ್ನೆಲ್ಲ ಆಚೆ ಕಳಿಸಿ ಸಿಂಚನಾ ಆಳೆತ್ತರದ ಕನ್ನಡಿಯ ಮುಂದೆ ಒಬ್ಬಳೇ ನಿಂತಿದ್ದಾಳೆ. ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿದೆ.

"ಚಿಕ್ಕಮ್ಮ, ನಿಜ ಹೇಳಿ. ಹುಡುಗನ ವಿಷಯ ನಿಮಗೇನಾದ್ರೂ ಗೊತ್ತಾ? ಅವರು ಕಳ್ಳರಾ?"

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಕನ್ನಡಿ ನೋಡಿದೆ. ಕನ್ನಡಿಯೊಳಗೆ ಅವಳ ಕಾಲಿನ ಸುತ್ತ, ನೆರಿಗೆ ನೆರಿಗೆಗೂ, ಫಳಫಳ ಅಂತ ಕಳ್ಳ, ಕಳ್ಳ, ಕಳ್ಳ! ಹೊರಗಿನ ಐನೂರು ಜನರಿಗೆ ಕಾಣದ್ದು ಕನ್ನಡಿಯ ಮುಂದೆ ನಿಂತ ಆ ಮಗುವಿಗೆ ಮಾತ್ರ ಕಂಡಿತ್ತು. ನಾನು ಯಾರನ್ನು ಹೊಡೆಯಲು ಕಲ್ಲು ಎತ್ತಿದೆ, ಅದು ಯಾರಿಗೆ ಬಿತ್ತು! ಆದರೂ ನನ್ನ ಬಾಯಿಗೆ ಬಂದದ್ದು ಏನು ಹೇಳು? "ಅಯ್ಯೋ, ಏನೂ ಇಲ್ಲ ಕಣಮ್ಮ, ಅದು ಬಳ್ಳಿ."

"ಚಿಕ್ಕಮ್ಮ, ನಂಗೆ ಕನ್ನಡ ಓದಕ್ಕೆ ಬರುತ್ತೆ."

ಆಗ ಹೇಳಿದೆ. ನಿನ್ನ ಗಂಡನಲ್ಲಮ್ಮ, ನಿಮ್ಮಪ್ಪ ಅಂದೆ. ಮಾವಿನ ಬುಟ್ಟಾದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಸೀರೆ ಬಿಚ್ಚಿ ಬಿಸಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಟಿಶ್ಯೂ ತೆಗೆದುಕೊಂಡು ಕೆನ್ನೆ ಒರೆಸಿಕೊಂಡಳು. "ಅದಾ? ಅದು ಮನೇಲಿ ಎಲ್ಲರಿಗೂ ಗೊತ್ತಲ್ಲ ಚಿಕ್ಕಮ್ಮ. ಅಂಗಡೀಲಿ ಅಪ್ಪ ನಮ್ಮ ಡಿಸೈನು ಅಂದಾಗಲೆಲ್ಲ ನಾನು ನಿಮ್ಮ ಮುಖ ನೋಡ್ತಿದ್ದೆ. ನೀವು ನಗ್ತಾ ನಿಂತಿರ್ತಿದ್ರಿ."

ಧನು, ಕದ್ದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಉರಿಸಿತು. ನಾನು ನಗುತ್ತಿದ್ದೆನಂತೆ.

ಸಿಂಚನಾ ಅವಳಪ್ಪನನ್ನು ಕರೆಸಿದಳು. ಪೇಟ ಕಟ್ಟಿಕೊಂಡು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, "ಇನ್ನೂ ರೆಡಿ ಆಗಿಲ್ವೇನಮ್ಮ, ಬೀಗರು ಕಾಯ್ತಿದಾರೆ" ಅನ್ನುತ್ತಾ ಬಂದರು. "ಅಪ್ಪಾ, ಕನ್ನಡೀಲಿ ಅಂಚು ಓದಿ" ಅಂದಳು. ಓದಿದರು. ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು.

"ಇದೇನಮ್ಮ ವರಲಕ್ಷ್ಮಿ, ಮಗು ಮದುವೆ ಸೀರೇಲಿ? ಮನೆ ಮರ್ಯಾದೆ ತೆಗೀತಾ ಇದೀಯಲ್ಲ!"

"ಮನೆ ಮರ್ಯಾದೆ ಅಲ್ಲ ಭಾವ, ನಿಮ್ದು. ನನ್ನ ಡಿಸೈನು ಕದ್ದೋರು ನೀವು."

ಹೌದು ಕಣೇ, ಹಾಗೆಯೇ ಅಂದೆ. ಗೋಡೆ ಹಿಡಿದುಕೊಂಡು ಅಂದೆ. ಅವರು ಶಲ್ಯ ಸರಿಮಾಡಿಕೊಂಡು ಏನಂದರು ಕೇಳು: "ಕದ್ದೆ? ನಾನ್ಯಾವತ್ತಾದ್ರೂ ಬೀಗ ಮುರಿದ್ನಾ? ಹೆಸರು ಬೇಕಾ ಅಂತ ಮೊದಲನೇ ಸಲವೇ ಕೇಳಿದೀನಿ. ನನಗ್ಯಾಕೆ ಭಾವ ಅಂದೋಳು ನೀನು. ಒಂದ್ಸಲ, ಒಂದೇ ಒಂದ್ಸಲ ಬೇಕು ಅಂದಿದೀಯಾ?"

ನಾನು ನೆನಪು ಮಾಡಿಕೊಂಡೆ. ಬೇಕಾ ಎಂದು ಅವರು ಕೇಳಿದ್ದು ಸುಳ್ಳು. ಯಾಕೆ, ಅಲ್ವಾ ಎಂದು ಕೇಳಿದ್ದರು. ಆದರೆ ನಾನು ಬರೀ ತಲೆಯಾಡಿಸಿದೆ ಎಂದು ನಿನಗೆ ಮೇಲೆ ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ನನಗ್ಯಾಕೆ ಭಾವ ಎಂದು ಬಾಯಿಬಿಟ್ಟು ಅಂದಿದ್ದೆ. ಆ ಮಾತನ್ನು ಈ ಮನೆಯಲ್ಲಿ ಮೊದಲು ಆಡಿದವಳು ನಾನೇ. ಅವರು ನನ್ನ ಹಾಳೆ ಕದ್ದರು, ಸರಿ. ಬೇಕು ಅನ್ನುವ ಮಾತನ್ನು ಯಾರೂ ಕದ್ದಿರಲಿಲ್ಲ, ನಾನೇ ನುಂಗಿಕೊಂಡಿದ್ದೆ. ಕೇಳಿದರೆ ಕೊಡುವುದಿಲ್ಲ ಅನ್ನುತ್ತಾರೇನೋ ಅನ್ನುವ ಹೆದರಿಕೆಗೆ, ಅವರು ಇಲ್ಲ ಅನ್ನುವ ಮೊದಲು ನಾನೇ ಬೇಡ ಅಂದುಬಿಡುತ್ತಿದ್ದೆ. ಆಗ ಸೋತ ಹಾಗೆ ಕಾಣುವುದಿಲ್ಲ ನೋಡು, ದೊಡ್ಡ ಮನಸ್ಸಿನವಳ ಹಾಗೆ ಕಾಣುತ್ತೇವೆ. ಜನ ನನ್ನನ್ನು ಸಾಧು ಅಂದರು. ಸಾಧುವೂ ಅಲ್ಲ, ಮಣ್ಣೂ ಅಲ್ಲ, ಪುಕ್ಕಲಿ.

ಇಷ್ಟು ತಿಳಿಯಿತು ಅಂತ ಅವನನ್ನು ಕ್ಷಮಿಸಿಬಿಟ್ಟೆ ಅಂದುಕೊಳ್ಳಬೇಡ. ನಾನು ಪುಕ್ಕಲಿಯಾದರೆ ಅವನು ಕಳ್ಳನಲ್ಲದೆ ಹೋಗುತ್ತಾನಾ? ಅಲ್ಲಿಯೇ ಅಂದೆ: "ಈಗ ಅಂತೀನಿ ಭಾವ. ಬೇಕು. ನನ್ನ ಪುಸ್ತಕ ಅಷ್ಟೂ ಬೇಕು. ಇವತ್ತು ಈ ಸೀರೆ ಯಾರದು ಅಂತ ಕೇಳ್ತಾರಲ್ಲ, ಅವರ ಮುಂದೆ ನನ್ನ ಹೆಸರು ಬೇಕು. ಹೇಳಲಿಲ್ಲ ಅಂದ್ರೆ ನಾನೇ ಒಬ್ಬೊಬ್ಬರನ್ನೂ ಕನ್ನಡಿ ಮುಂದೆ ಕರ್ಕೊಂಡು ಬರ್ತೀನಿ."

ಹುಡುಗಿಯ ಮುಖ ನೋಡಿ ಆ ಕೊನೆಯ ಮಾತು ಆಡಬಾರದಿತ್ತು ಅನ್ನಿಸಿತು. ಆದರೆ ಸಿಂಚನಾ ಪಿನ್ನು ಕಚ್ಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾ, "ನಾನು ಇದೇ ಸೀರೆ ಉಡ್ತೀನಿ ಅಪ್ಪ. ನೀವು ಹೇಳಿ" ಅಂದಳು.

ವೇದಿಕೆಯ ಮೇಲೆ ಬೀಗಿತ್ತಿ ಅಂಚು ಹಿಡಿದು ನೋಡಿ, ಎಷ್ಟು ಚೆನ್ನಾಗಿದೆ, ಈ ಥರ ಬಳ್ಳಿ ನಾವು ಎಲ್ಲೂ ನೋಡಿಲ್ಲ, ಯಾರು ಹಾಕಿದ್ದು ಅಂದರು. ನಿಮ್ಮ ದೊಡ್ಡಪ್ಪ ಸಿಂಚನಾಳನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ನನ್ನ ತಮ್ಮ ವೇಣುಗೋಪಾಲನ ಹೆಂಡತಿ ಹಾಕಿದ್ದು. ವರಲಕ್ಷ್ಮಮ್ಮ ಅಂತ. ನಮ್ಮ ಅಂಗಡಿ ಡಿಸೈನೆಲ್ಲ ಅವಳದೇ." ಭೇದಿಯ ಔಷಧಿ ಕುಡಿದವರ ಮುಖ. ನಿಮ್ಮಪ್ಪ ಹಿಂದಿನ ಸಾಲಿನ ಕುರ್ಚಿಯಿಂದ ಎದ್ದು ನಿಂತು ಅದನ್ನು ಕೇಳಿಸಿಕೊಂಡರು. ನನಗೆ ಹೊಟ್ಟೆ ತಣ್ಣಗಾಯಿತಾ? ಆಗಲಿಲ್ಲ. ಇಪ್ಪತ್ತೇಳು ವರ್ಷಕ್ಕೆ ಮೂರು ವಾಕ್ಯ ಯಾವ ಮೂಲೆಗೆ ಸಾಕು?

ಸೋಮವಾರ ಬೆಳಗ್ಗೆಯೇ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು, ಇರಲಿ ಎಂದೇ ಆ ಹೊತ್ತಿಗೆ ಹೋದೆ. ಭಾವ ಒಳಗಿಂದ ಈಚೆ ಬರಲಿಲ್ಲ. ಮಗ ಸಂತೋಷ್ ಬೀರು ತೆಗೆದು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಟ್ಟ. ಎರಡು ಕಮ್ಮಿ ಇದ್ದವು. "ಹುಡುಕ್ತೀನಿ ಚಿಕ್ಕಮ್ಮ" ಅಂದ. "ಹುಡುಕಪ್ಪ, ನಾನು ಇಲ್ಲೇ ಕೂತಿರ್ತೀನಿ" ಎಂದು ಗಿರಾಕಿಗಳು ಕೂರುವ ಗಾದಿಯ ಮೇಲೆ ಕಾಲು ಮಡಿಸಿ ಕೂತೆ. ಹನ್ನೊಂದು ಗಂಟೆಗೆ ಎರಡೂ ಸಿಕ್ಕವು. ಆ ಗಾದಿಯ ಮೇಲೆ ನಾನು ಕೂತದ್ದು ಅದೇ ಮೊದಲು.

ಈಗ ನಾನು ಬಿಡಿಸಿದ ಹಾಳೆಯ ಮೂಲೆಯಲ್ಲಿ ಹೆಸರು ಬರೆಯುತ್ತೇನೆ. ಹಿಂದಿನ ಬೀದಿಯ ಮುನಿತಾಯಮ್ಮನ ಮನೆಯ ಮಗ್ಗಗಳಿಗೆ ಒಂದು ಅಂಚು ಹಾಕಿಕೊಟ್ಟೆ. ಮೊದಲು ಬೇಡ ಅಂದರು, ಭಾವನ ಭಯ. ಮತ್ತೆ ಹೋಗಿ ಕೇಳಿದೆ. ಇನ್ನೊಂದು ಸಲವೂ ಬೇಡ ಅಂದರು. ಮೂರನೆಯ ಸಲ ಒಪ್ಪಿದರು. ಬೇಡ ಅನ್ನಿಸಿಕೊಂಡರೆ ಪ್ರಾಣ ಹೋಗುವುದಿಲ್ಲ ಧನು, ಮನೆಗೆ ಬಂದು ಊಟ ಮಾಡಿದರೆ ಸರಿಹೋಗುತ್ತದೆ. ಇದನ್ನು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು, ನಿನಗೆ ಅಷ್ಟು ಬೇಡ.

ಅದಕ್ಕೇ ಬರೆಯುತ್ತಿದ್ದೇನೆ. ಆ ಡಿಪ್ಲೊಮಾಗೆ ಅರ್ಜಿ ಹಾಕಲು ಈ ತಿಂಗಳ ಮೂವತ್ತು ಕೊನೆಯ ದಿನ. ಅರ್ಜಿ ತರಿಸಿ ಇದರ ಜೊತೆ ಇಟ್ಟಿದ್ದೇನೆ, ಸಹಿ ಮಾಡುವುದೊಂದೇ ಬಾಕಿ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ, ಇದನ್ನು ತಾಯಿ ಅಂತ ಹೇಳುತ್ತಿಲ್ಲ, ಕೆಲಸ ಬಲ್ಲವಳಾಗಿ ಹೇಳುತ್ತಿದ್ದೇನೆ. ನಿನಗೆ ಆಯಸ್ಸು ಆರೋಗ್ಯ ಇರಲಿ, ಒಳ್ಳೆಯದಾಗಲಿ, ಹಾಗೆಯೇ ಸ್ವಲ್ಪ ಸಿಟ್ಟೂ ಇರಲಿ. ನಿಮ್ಮಪ್ಪ ಹುಣಸೆ ತೊಕ್ಕಿನ ಡಬ್ಬಿ ಕಳಿಸುತ್ತಿದ್ದಾರೆ, ಎಣ್ಣೆ ಸೋರುತ್ತದೆ, ನೆಟ್ಟಗೆ ಇಡು.

ನಿನ್ನ ಅಮ್ಮ,
ವರಲಕ್ಷ್ಮಮ್ಮ

ತಾ.ಕ.: ಮೂರು ವಾರ ಈ ಕಾಗದ ಬರೆಯದೆ ಇದ್ದದ್ದು ಕೆಲಸದಿಂದಲ್ಲ. ಎರಡು ವರ್ಷದ ಹಿಂದೆ ನಿನ್ನ ಫೋನ್ ಒಡೆದಿತ್ತು, ನೀನು ಅರ್ಜಿಯಲ್ಲಿ ನನ್ನ ನಂಬರು ಕೊಟ್ಟಿದ್ದೆ. ಆ ಡಿಪ್ಲೊಮಾದವರು ಫೋನ್ ಮಾಡಿದ್ದರು. ಒಂದು ಮಧ್ಯಾಹ್ನ, ನಾನು ಅಚ್ಚು ಕೆಚ್ಚುತ್ತಾ ಕೂತಿದ್ದ ಹೊತ್ತಿನಲ್ಲಿ. "ಧನುಶ್ರೀ ಸೆಲೆಕ್ಟ್ ಆಗಿದ್ದಾಳಮ್ಮ, ಸೋಮವಾರದೊಳಗೆ ಸರ್ಟಿಫಿಕೇಟ್ ತಗೊಂಡು ಬನ್ನಿ" ಎಂದು ಒಬ್ಬ ಮೇಡಂ ಹೇಳಿದರು. "ಅವಳಿಗೆ ಮನಸ್ಸಿಲ್ಲ ಮೇಡಂ, ಬೇರೆಯವರಿಗೆ ಕೊಟ್ಬಿಡಿ" ಅಂದೆ. "ಅವಳನ್ನೇ ಒಂದ್ಸಲ ಕೇಳ್ತೀರಾ?" ಅಂದರು. ಕೇಳಿದ್ದೇನೆ ಅಂದೆ. ನೀನು ಅಲ್ಲಿ ಹೋಗಿ ಅಳಬಾರದು ಎಂದು ಹಾಗೆ ಮಾಡಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನೀನು ಅಳದೆ, ಗೆದ್ದು ಬಂದುಬಿಟ್ಟಿದ್ದರೆ, ನಾನು ಅಷ್ಟು ವರ್ಷ ಸುಮ್ಮನೆ ಕೂತದ್ದಕ್ಕೆ ಯಾವ ನೆಪವೂ ಉಳಿಯುತ್ತಿರಲಿಲ್ಲ. ಆವತ್ತು ಸಂಜೆ ನೀನು ಬಂದು, ಯಾರಾದರೂ ಫೋನ್ ಮಾಡಿದ್ರಾ ಅಮ್ಮ ಅಂದೆ. ಇಲ್ಲ ಅಂದೆ. ಹದಿನೈದು ದಿನ ನೀನು ದಿನಾ ಕೇಳಿದೆ, ಹದಿನೈದು ದಿನವೂ ನಾನು ಇಲ್ಲ ಅಂದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ನಿನ್ನನ್ನು ಅವರು ಬೇಡ ಅಂದಿರಲಿಲ್ಲ ಧನು. ಸೇಡು ತೀರಿಸಿಕೊಳ್ಳಬೇಕಾದವಳು ನೀನು, ತೀರಿಸಿಕೊಳ್ಳಬೇಕಾದ್ದು ನನ್ನ ಮೇಲೆ. ಮೂವತ್ತನೇ ತಾರೀಖಿನೊಳಗೆ ಸಹಿ ಹಾಕಿ ಕಳಿಸು.